ಮುಂಬೈಯಲ್ಲಿ ಕನ್ನಡ ಪ್ರೋಸೆಸ್‌ನ (ಕನ್ನಡ ಗ್ರಾಹಕರಿಗೆ ಫೋನ್ ಮಾಡುವ ವಿಭಾಗದ) ಲೋನ್ ಕಲೆಕ್ಷನ್ ಕೆಲಸ ಹೇಗಿರುತ್ತೆ? ಸೇರಬಹುದಾ?

ಮಲಾಡ್‌ನಲ್ಲಿ ಕನ್ನಡ ಕಾಲಿಂಗ್ ಕೆಲಸ ಸಿಕ್ಕಿದೆ, ಲೋನ್ ರಿಕವರಿಯಂತೆ, ದಿನಾ ಬೈಸಿಕೊಳ್ಳೋದೇ ಆಗುತ್ತಾ ಅಂತ ಕೇಳಿದ್ದೀರಿ. ಬೈಗುಳ ಇದ್ದೇ ಇರುತ್ತೆ. ಎಷ್ಟು ಅನ್ನೋದು ಮಾತ್ರ ಕಂಪನಿಯ ಹೆಸರಿಗಿಂತ ನಿಮಗೆ ಯಾವ ಬಕೆಟ್, ಅಂದ್ರೆ ಕಂತು ತಪ್ಪಿ ಎಷ್ಟು ದಿನವಾದ ಖಾತೆಗಳ ಗುಂಪು ಸಿಗುತ್ತೆ ಅನ್ನೋದರ ಮೇಲಿರುತ್ತೆ. ಆಫರ್ ಲೆಟರ್‌ನಲ್ಲಿ ಅದನ್ನ ಬರೆದಿರಲ್ಲ, ಬಾಯಿಬಿಟ್ಟು ಕೇಳಬೇಕು.

ಕಂತು ತಪ್ಪಿ 1ರಿಂದ 30 ದಿನ ಆದ ಖಾತೆಗಳು ಮೊದಲ ಬಕೆಟ್, 31ರಿಂದ 60 ಎರಡನೇದು, 61ರಿಂದ 90 ಮೂರನೇದು. 90 ದಾಟಿದರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ. ಮೊದಲ ಬಕೆಟ್‌ನಲ್ಲಿ ಮರೆತವರು, ಸಂಬಳದ ಖಾತೆ ಬದಲಾಯಿಸಿದವರು, ಸಂಬಳ ನಾಲ್ಕು ದಿನ ತಡವಾದವರು ಜಾಸ್ತಿ. ಮರ್ಯಾದೆಯಿಂದ ಮಾತಾಡಿದರೆ ಮರ್ಯಾದೆಯಿಂದಲೇ ಕಟ್ಟುತ್ತಾರೆ. ಮೂರನೇದಕ್ಕೆ ಬರೋ ಹೊತ್ತಿಗೆ ಅದೇ ಮನುಷ್ಯನಿಗೆ ನಿಮಗಿಂತ ಮುಂಚೆ ಹತ್ತಾರು ಜನ ಫೋನ್ ಮಾಡಿ ತಲೆ ತಿಂದಿರುತ್ತಾರೆ. ಹೊಸಬರನ್ನ ನೇರ ಎನ್‌ಪಿಎಗೋ ರೈಟ್‌ಆಫ್ ಪೂಲ್‌ಗೋ (ಬರಲ್ಲ ಅಂತ ಬ್ಯಾಂಕ್ ಲೆಕ್ಕದಿಂದ ತೆಗೆದ ಸಾಲಗಳಿಗೆ) ಕೂರಿಸುವ ಕಡೆ ಸೇರಬೇಡಿ ಅಂತಲೇ ನಾನು ಹೇಳೋದು.

ತಿಂಗಳಿಗೊಂದು ಲಯ ಇರುತ್ತೆ. 5ನೇ ತಾರೀಕು ಕಂತು ಅಂದ್ರೆ ಅವತ್ತು ನ್ಯಾಚ್ (ಖಾತೆಯಿಂದ ಕಂತು ತಾನಾಗಿ ಕಡಿತ ಆಗೋ ವ್ಯವಸ್ಥೆ) ಮೂಲಕ ದುಡ್ಡು ಎಳೆಯೋಕೆ ಹೋಗುತ್ತೆ, ಒಂದೆರಡು ದಿನದಲ್ಲಿ ಕಡಿತ ಆಗದವರ ಬೌನ್ಸ್ ಫೈಲ್ ಬರುತ್ತೆ, ಆಮೇಲೆ ಅಲೊಕೇಷನ್, ಅಂದ್ರೆ ಯಾರಿಗೆ ಯಾವ ಖಾತೆ ಅಂತ ಹಂಚೋದು. ಬೌನ್ಸ್ ಆಗಿದ್ದಕ್ಕೆ ಕಾರಣ ಏನು ಅಂತ ಫೈಲ್‌ನಲ್ಲೇ ಇರುತ್ತೆ. ಅದನ್ನ ಓದದೆ ಡಯಲ್ ಮಾಡಬೇಡಿ. ಬ್ಯಾಲೆನ್ಸ್ ಇಲ್ಲದವನ ಜೊತೆ ಮಾತಾಡೋ ರೀತಿಯೇ ಬೇರೆ, ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಅನುಮತಿ) ರಿಜಿಸ್ಟರೇ ಆಗದೆ ಬೌನ್ಸ್ ಆದವನ ಜೊತೆ ಮಾತಾಡೋ ರೀತಿಯೇ ಬೇರೆ. ಎರಡನೆಯವನದ್ದು ತಪ್ಪೇ ಇರಲ್ಲ.

ಜಗಳ ಹುಟ್ಟೋದು ಹೆಚ್ಚಾಗಿ ಲೆಕ್ಕದಲ್ಲಿ. ಕಂತು 4,850, ಬೌನ್ಸ್ ಚಾರ್ಜ್ 500, ಅದಕ್ಕೆ 18% ಜಿಎಸ್‌ಟಿ ಸೇರಿ 590 ಅಂತ ಇಟ್ಕೊಳ್ಳಿ. ಒಟ್ಟು 5,440. ಗ್ರಾಹಕ ಆ್ಯಪ್‌ನಲ್ಲಿ 4,850 ಹಾಕಿ ಮುಗೀತು ಅಂದ್ಕೊಳ್ತಾನೆ. ಕೆಲವು ಸಿಸ್ಟಂಗಳು ಬಂದ ದುಡ್ಡಿನಲ್ಲಿ ಮೊದಲು ಚಾರ್ಜ್ ಮುರಿದುಕೊಂಡು ಉಳಿದದ್ದನ್ನ ಕಂತಿಗೆ ಜಮಾ ಮಾಡ್ತವೆ. ಆಗ ಕಂತಿನಲ್ಲೇ 590 ಕಡಿಮೆ ಬಿದ್ದು ಖಾತೆ ಓವರ್‌ಡ್ಯೂನಲ್ಲೇ (ಬಾಕಿಯಲ್ಲೇ) ಉಳಿಯುತ್ತೆ, ತಾನಾಗಿ ಫೋನ್ ಹಚ್ಚೋ ಡಯಲರ್ ಮತ್ತೆ ಅವನಿಗೇ ಕಾಲ್ ಹಾಕುತ್ತೆ. ನಿಮ್ಮ ಕಂಪನಿಯಲ್ಲಿ ಯಾವ ಕ್ರಮ ಅಂತ ಮೊದಲ ವಾರವೇ ತಿಳ್ಕೊಂಡು ಇಡೀ ಮೊತ್ತ ಬಿಡಿಸಿ ಹೇಳಿ. ಯಾರಾದರೂ ‘ಕಟ್ಟಿದ್ದೀನಲ್ರಿ’ ಅಂದರೆ ವಾದಕ್ಕಿಳಿಯಬೇಡಿ. ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್, ತಾರೀಕು, ಮೊತ್ತ ಕೇಳಿ ರಿಮಾರ್ಕ್‌ನಲ್ಲಿ (ಖಾತೆಯ ಟಿಪ್ಪಣಿಯಲ್ಲಿ) ಹಾಕಿ. ಕಟ್ಟಿದವರ ಪಟ್ಟಿ ಇರೋ ಪೇಯ್ಡ್ ಫೈಲ್ ಒಂದು ದಿನ ಹಿಂದೆ ಇರೋದು ಮಾಮೂಲು.

ಎನ್‌ಪಿಎ ಖಾತೆಗೆ ‘ಒಂದು ಕಂತು ಹಾಕಿ ಸಾರ್, ಸರಿ ಹೋಗುತ್ತೆ’ ಅನ್ನೋದು ಸುಳ್ಳು. ಬಾಕಿ ಪೂರ್ತಿ ತೀರಿದ ಮೇಲೆಯೇ ಖಾತೆ ಸ್ಟ್ಯಾಂಡರ್ಡ್‌ಗೆ (ಸರಿಯಿರೋ ಸಾಲದ ಪಟ್ಟಿಗೆ) ವಾಪಸ್ ಬರೋದು ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಟೀಮ್ ಲೀಡರ್ ಹೇಳಿಕೊಟ್ಟರೂ ಆ ಮಾತು ಆಡಬೇಡಿ, ರೆಕಾರ್ಡ್ ಆಗೋದು ನಿಮ್ಮ ದನಿ.

ಇನ್ನು ಕಾಲ್. ಮೊದಲು ಮಾತಾಡ್ತಿರೋದು ಸಾಲಗಾರನೇ ಹೌದಾ ಅಂತ ಖಚಿತ ಮಾಡ್ಕೋಬೇಕು. ಹೆಸರು, ಜೊತೆಗೆ ಹುಟ್ಟಿದ ತಾರೀಕೋ ಗಾಡಿ ನಂಬರೋ ಕೇಳಿ, ಆಮೇಲೆ ಮೊತ್ತ ಹೇಳಿ. ಡೊಂಬಿವಲಿ, ಭಾಂಡುಪ್ ಕಡೆ ಬೆಳೆದವರ ಕನ್ನಡ ಕೇಳಿದರೆ ಸಿಂಧನೂರಿನವರು ‘ಯಾವೂರ್ರಿ ನಿಮ್ದು?’ ಅನ್ನದೆ ಬಿಡಲ್ಲ. ಮುಂಬೈ ಅಂದ್ರೆ ಫ್ರಾಡ್ ಕಾಲ್ ಅಂತ ಇಟ್ಟುಬಿಡೋರೂ ಇದ್ದಾರೆ. ಸುಳ್ಳು ಊರು ಹೇಳಬೇಡಿ. ‘ಒಟಿಪಿ ಕೇಳಲ್ಲ ಯಜಮಾನ್ರೇ, ನಿಮ್ಮ ಆ್ಯಪ್ ತೆಗೆದು ನೀವೇ ಬಾಕಿ ನೋಡಿ’ ಅನ್ನಿ. ಬಹಳ ಸಲ ಅಷ್ಟರಲ್ಲೇ ದನಿ ಬದಲಾಗುತ್ತೆ.

ಫೋನ್ ಎತ್ತೋದು ಹೆಂಡತಿ, ಅಪ್ಪ, ಮಗ ಆಗಿರಬಹುದು. ಅವರು ಜಾಮೀನುದಾರರೋ ಜಂಟಿ ಸಾಲಗಾರರೋ ಅಲ್ಲ ಅಂದಮೇಲೆ ಸಾಲದ ವಿಷಯ ಎತ್ತೋ ಹಾಗಿಲ್ಲ. ‘ಏನ್ ವಿಷ್ಯ, ನನಗೇ ಹೇಳಿ’ ಅಂತ ಒತ್ತಾಯ ಮಾಡ್ತಾರೆ. ‘ಅವರ ಹತ್ರಾನೇ ಮಾತಾಡಬೇಕಿತ್ತು ಅಕ್ಕಾ, ಎಷ್ಟೊತ್ತಿಗೆ ಸಿಗ್ತಾರೆ?’ ಅಷ್ಟೇ. ಕ್ವಾಲಿಟಿ ಆಡಿಟ್‌ನಲ್ಲಿ ಇದು ತಪ್ಪಿದರೆ ಆ ಕಾಲ್‌ಗೆ ಸೊನ್ನೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

‘ನಾಳೆ ಹಾಕ್ತೀನಿ’ ಅಂದದ್ದನ್ನ ಪಿಟಿಪಿ, ಅಂದ್ರೆ ಕಟ್ಟುವ ಮಾತು ಅಂತ ಬರೆದುಕೊಂಡರೆ ತಿಂಗಳ ಕೊನೆಗೆ ಕೈ ಖಾಲಿ. ಎಷ್ಟು, ಯಾವತ್ತು, ಯಾವುದರಲ್ಲಿ ಕಟ್ತಾರೆ, ದುಡ್ಡು ಎಲ್ಲಿಂದ ಬರುತ್ತೆ, ನಾಲ್ಕೂ ಸಿಗಬೇಕು. ಕೊನೆಯದ್ದೇ ಮುಖ್ಯ. ‘ಗುರುವಾರ ಡೈರಿ ಬಿಲ್ ಆಗುತ್ತೆ, ಸಂಜೆ ಫೋನ್‌ಪೇಯಲ್ಲಿ 5,440 ಹಾಕ್ತೀನಿ’ ಅಂದವರು ಸಾಮಾನ್ಯವಾಗಿ ಹಾಕ್ತಾರೆ. ‘ಕಬ್ಬಿನ ಬಿಲ್ ಬಂದ ಮೇಲೆ’ ಅಂದರೆ ತಾರೀಕು ಬರೀಬೇಡಿ. ಕಾರ್ಖಾನೆ 14 ದಿನದಲ್ಲಿ ಕೊಡಬೇಕು ಅಂತ ಕಾನೂನಿದೆ, ಬಾಕಿ ಉಳಿಯೋದು ಊರಿಗೇ ಗೊತ್ತು. ಅಂಥವರ ಹತ್ರ ಅರ್ಧ ಕಂತಾದರೂ ಬೇರೆ ಕಡೆಯಿಂದ ಆಗುತ್ತಾ ಅಂತ ಕೇಳೋದು ಮೇಲು.

ಸಾಲಗಾರ ತೀರಿಕೊಂಡಿದ್ದಾರೆ ಅಂತ ತಿಳಿದರೆ ದುಡ್ಡಿನ ಮಾತು ಅಲ್ಲಿಗೇ ನಿಲ್ಲಿಸಿ. ಮರಣ ಪ್ರಮಾಣಪತ್ರ ಎಲ್ಲಿಗೆ ಕಳಿಸಬೇಕು ಅಂತ ಹೇಳಿ, ಸಾಲಕ್ಕೆ ಇನ್ಶೂರೆನ್ಸ್ ಇದೆಯಾ ಅಂತ ನೋಡಿ ರಿಮಾರ್ಕ್ ಹಾಕಿ. ಸಾಯ್ತೀನಿ ಅನ್ನೋ ಮಾತು ಬಂದರೆ ಕಾಲ್ ಕಟ್ ಮಾಡದೆ ಸೂಪರ್‌ವೈಸರ್‌ನ ಕರೀರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಡಿ.

ಸಮಯದ ನಿಯಮವನ್ನ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬಿಗಿ ಮಾಡಿತು: ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕಾಲ್ ಇಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಅದು 9ರಿಂದ 6. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಕುಳದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದ ಮೇಲೆ ಗ್ರಾಹಕರೂ ಹುಷಾರಾಗಿದ್ದಾರೆ, ‘ಹತ್ತು ವರ್ಷ ಜೈಲು ಗೊತ್ತಾ’ ಅಂತ ಅವರೇ ನಿಮ್ಮನ್ನ ಹೆದರಿಸ್ತಾರೆ. ಪೊಲೀಸ್ ಬರ್ತಾರೆ, ವಾರಂಟ್ ಆಗಿದೆ ಅಂತೆಲ್ಲ ನೀವು ಹೇಳೋ ಹಾಗೇ ಇಲ್ಲ. ಚೆಕ್ ಬೌನ್ಸ್‌ನ 138ನೇ ಸೆಕ್ಷನ್‌ನಲ್ಲೂ ಮೊದಲು ನೋಟಿಸ್, ಅದು ತಲುಪಿ 15 ದಿನ ಗಡುವು, ಆಮೇಲೆ ಕೋರ್ಟ್.

ಸ್ವಂತ ನಂಬರ್‌ನಿಂದ ವಾಟ್ಸ್‌ಆ್ಯಪ್ ಮಾಡು ಅಂತ ತಿಂಗಳ ಕೊನೆಗೆ ಒತ್ತಡ ಬರುತ್ತೆ. ಮಾಡಬೇಡಿ. ದೂರು ಬಂದ ದಿನ ಕಂಪನಿ ‘ಅದು ನಮ್ಮ ಕಾಲ್ ಅಲ್ಲ’ ಅನ್ನುತ್ತೆ. ‘ನಿಮ್ಮ ಗೂಗಲ್ ಪೇಗೆ ಹಾಕ್ತೀನಿ, ನೀವೇ ಕಟ್ಟಿಬಿಡಿ’ ಅನ್ನೋ ಗ್ರಾಹಕ ಒಳ್ಳೆಯವನೇ ಇರಬಹುದು, ಆದರೂ ಒಂದು ರೂಪಾಯಿ ತಗೋಬೇಡಿ. ಕೆಲಸದ ಜೊತೆ ಕ್ರಿಮಿನಲ್ ಕೇಸೂ ಬರುತ್ತೆ. ಸೆಟಲ್‌ಮೆಂಟ್ (ಕಡಿಮೆ ಮೊತ್ತಕ್ಕೆ ಸಾಲ ಮುಗಿಸೋದು) ಕೂಡ ಬಾಯಿಮಾತಲ್ಲಿ ಒಪ್ಪಿಕೊಳ್ಳೋದು ಬೇಡ. ಬ್ಯಾಂಕಿನ ಪತ್ರ ಬೇಕು, ಸಾಲದ ಇತಿಹಾಸ ಇಡೋ ಸಿಬಿಲ್‌ನಲ್ಲಿ ಅದು ‘ಸೆಟಲ್ಡ್’ ಅಂತಲೇ ಕಾಣುತ್ತೆ ಅಂತ ಮೊದಲೇ ಹೇಳಿಬಿಡಿ.

ಮುಂದೆ ಫೀಲ್ಡ್‌ಗೆ, ಅಂದ್ರೆ ಮನೆ ಮನೆಗೆ ವಸೂಲಿಗೆ ಕಳಿಸಿದರೆ ಐಡಿ ಕಾರ್ಡ್, ಬ್ಯಾಂಕಿನ ಅಧಿಕಾರಪತ್ರ ಇಲ್ಲದೆ ಹೋಗಬೇಡಿ, ಇಲ್ಲಿನ ಸೊಸೈಟಿ ವಾಚ್‌ಮನ್ ಗೇಟ್‌ನಲ್ಲೇ ತಡೀತಾನೆ. ಐಐಬಿಎಫ್ ಅನ್ನೋ ಬ್ಯಾಂಕಿಂಗ್ ತರಬೇತಿ ಸಂಸ್ಥೆಯ ಡಿಆರ್‌ಎ (ಸಾಲ ವಸೂಲಿ ಏಜೆಂಟ್) ಸರ್ಟಿಫಿಕೇಟ್ ಕಾಲರ್‌ಗಳಿಗೂ ಬೇಕು. ಪದವೀಧರರಿಗೆ 50 ಗಂಟೆ, ಉಳಿದವರಿಗೆ 100 ಗಂಟೆ ತರಬೇತಿ, ಪರೀಕ್ಷೆ 100 ಅಂಕಕ್ಕೆ, ಪಾಸಾಗಲು 50. ಫೀಸು ಯಾರು ಕೊಡ್ತಾರೆ ಅಂತ ಕೇಳಿ.

ಇನ್ಸೆಂಟಿವ್ ಸ್ಲ್ಯಾಬ್ ಮೇಲೆ, ಅಂದ್ರೆ ಎಷ್ಟು ವಸೂಲಿ ಅನ್ನೋ ಹಂತಗಳ ಮೇಲೆ ನಡೆಯುತ್ತೆ. 400 ಖಾತೆ, 85% ಸ್ಲ್ಯಾಬ್ ಅಂದರೆ 340 ಖಾತೆ ವಸೂಲಾಗಬೇಕು. 334ಕ್ಕೆ ನಿಂತರೆ ಕೆಳಗಿನ ಸ್ಲ್ಯಾಬ್. ಕೊನೆಯ ಮೂರು ದಿನ ಫ್ಲೋರ್‌ನಲ್ಲಿ ಕಾಣೋ ಹುಚ್ಚೆಲ್ಲ ಆ ಆರು ಖಾತೆಗಾಗಿ. ಲೆಕ್ಕ ಖಾತೆಗಳ ಸಂಖ್ಯೆ ಮೇಲಾ ಮೊತ್ತದ ಮೇಲಾ, ಫೀಲ್ಡ್‌ನವರು ತಂದ ದುಡ್ಡು ಯಾರ ಲೆಕ್ಕಕ್ಕೆ, ತಿಂಗಳ ಕೊನೆಯ ಭಾನುವಾರ ಬಂದರೆ ಬದಲಿ ರಜೆ ಇದೆಯಾ, ಇದನ್ನೆಲ್ಲ ಇಂಟರ್‌ವ್ಯೂನಲ್ಲೇ ಕೇಳಿ. ಹಿಂದಿನ ತಿಂಗಳ ಇನ್ಸೆಂಟಿವ್ ಕೈಗೆ ಬರೋ ಮುಂಚೆ ರಾಜೀನಾಮೆ ಕೊಟ್ಟರೆ ಅದನ್ನ ಕೊಡ್ತಾರಾ ಅನ್ನೋದನ್ನ ಮಾತ್ರ ಈಮೇಲ್‌ನಲ್ಲಿ ಬರೆಸಿಕೊಳ್ಳಿ.