ಓದುಗರ ಪ್ರಶ್ನೆಗಳಿಗೆ ಉತ್ತರ: ಗಡಿಯಾರ ಎಣಿಸುವುದು ಏನನ್ನು?

ಗಡಿಯಾರದ ಚರಿತ್ರೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಒಂದರ ಉತ್ತರ ಇನ್ನೊಂದಕ್ಕೆ ದಾರಿಯಾಗುವಂಥವನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಯಂತ್ರದ ಗಡಿಯಾರ ಬರುವುದಕ್ಕೆ ಮೊದಲು ಜನರು ಹೊತ್ತನ್ನು ಹೇಗೆ ಅಳೆಯುತ್ತಿದ್ದರು? ನೆರಳು ನೋಡಿ ಹೇಳಿದ ಹೊತ್ತು ಎಷ್ಟರಮಟ್ಟಿಗೆ ಸರಿಯಿರುತ್ತಿತ್ತು?

ಉತ್ತರ: ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 1500ರ ಸುಮಾರಿಗೇ ಗುರುತು ಕೊರೆದ ನೆರಳು ಗಡಿಯಾರಗಳು ಬಳಕೆಯಲ್ಲಿದ್ದವು. ಆದರೆ ಅಂದಿನ ಗಂಟೆಯೇ ಬೇರೆ, ಇಂದಿನ ಗಂಟೆಯೇ ಬೇರೆ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗಿನ ಹೊತ್ತನ್ನು 12 ಪಾಲು ಮಾಡುತ್ತಿದ್ದುದರಿಂದ ಬೇಸಿಗೆಯ ಹಗಲಿನ ಗಂಟೆ ಉದ್ದವಾಗಿಯೂ ಚಳಿಗಾಲದ ಹಗಲಿನ ಗಂಟೆ ಗಿಡ್ಡವಾಗಿಯೂ ಇರುತ್ತಿತ್ತು. ಇದನ್ನು ಅವರ ಅಜ್ಞಾನವೆಂದು ಬಗೆಯುವುದು ಸರಿಯಲ್ಲ. ಬೆಳಕಿರುವಷ್ಟು ಹೊತ್ತು ದುಡಿದು ಕತ್ತಲಾದ ಮೇಲೆ ಮಲಗುವ ಬದುಕಿಗೆ ಆ ಅಳತೆಯೇ ಹೊಂದುತ್ತಿತ್ತು.

ಸರಿಯಾಗಿ ಕೂರಿಸಿದ ನೆರಳು ಗಡಿಯಾರ ಸೂರ್ಯನ ಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಆದರೂ ಅದು ನಮ್ಮ ಕೈಗಡಿಯಾರದೊಡನೆ ವರ್ಷವಿಡೀ ಹೊಂದಿಕೊಳ್ಳಲಾರದು, ಏಕೆಂದರೆ ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆಯಾಗಿದೆ. ಸ್ಥಳದ ರೇಖಾಂಶಕ್ಕೆ ತಕ್ಕ ತಿದ್ದುಪಡಿ ಮಾಡಿದ ಮೇಲೂ ನವೆಂಬರ್ ತಿಂಗಳ ಆರಂಭದಲ್ಲಿ ನೆರಳು ಸುಮಾರು 16 ನಿಮಿಷ ಮುಂದಿರುತ್ತದೆ. ಫೆಬ್ರವರಿಯ ನಡುಭಾಗದಲ್ಲಿ ಸುಮಾರು 14 ನಿಮಿಷ ಹಿಂದೆ ಬೀಳುತ್ತದೆ.

ಸೂರ್ಯನಿಲ್ಲದ ಹೊತ್ತಿಗೆ ನೀರು ಬೇಕಾಯಿತು. ಈಜಿಪ್ಟಿನ ಕಾರ್ನಾಕ್ ದೇವಾಲಯದಲ್ಲಿ ಸಿಕ್ಕ ಜಲಗಡಿಯಾರ ಮೂರನೆಯ ಅಮೆನ್‌ಹೊಟೆಪ್ ದೊರೆಯ ಕಾಲದ್ದು, ಅಂದರೆ ಕ್ರಿಸ್ತಪೂರ್ವ 14ನೆಯ ಶತಮಾನದ್ದು. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಕಲ್ಲಿನ ಪಾತ್ರೆ ಅದು; ತಳದ ಬಳಿಯ ಸಣ್ಣ ತೂತಿನಿಂದ ನೀರು ಸೋರುತ್ತದೆ. ಪಾತ್ರೆ ತುಂಬಿದ್ದಾಗ ಒತ್ತಡ ಹೆಚ್ಚಿರುವುದರಿಂದ ನೀರು ರಭಸವಾಗಿ ಹರಿಯುತ್ತದೆ, ಇಳಿದಂತೆಲ್ಲ ನಿಧಾನವಾಗುತ್ತದೆ. ಗೋಡೆಯನ್ನು ಇಳಿಜಾರಾಗಿ ಕಡೆದರೆ, ಹರಿವು ಕುಗ್ಗಿದರೂ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತದೆ. ಒಳಮೈಯಲ್ಲಿ 12 ತಿಂಗಳುಗಳಿಗೆ 12 ಸಾಲು ಗುರುತುಗಳಿವೆ, ಏಕೆಂದರೆ ರಾತ್ರಿಯ ಉದ್ದ ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಆ ಪಾತ್ರೆಯ ಓರೆಗೋಡೆಯಲ್ಲಿ ಅಡಗಿರುವ ಯೋಚನೆ ಮೂರು ಸಾವಿರ ವರ್ಷ ದಾಟಿದ್ದು ಎಂದು ನೆನೆದಾಗ ನನಗೆ ಇಂದಿಗೂ ಗೌರವ ಮೂಡುತ್ತದೆ.

ಭಾರತದ ಗಳಿಗೆ ಬಟ್ಟಲು ಇನ್ನೊಂದು ಬಗೆಯದು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಆ ಅವಧಿಯೇ ಒಂದು ಗಳಿಗೆ, ನಮ್ಮ ಲೆಕ್ಕದಲ್ಲಿ 24 ನಿಮಿಷ. ದಿನಕ್ಕೆ 60 ಗಳಿಗೆ. ಗಡಿಯಾರ ಎಂಬ ಮಾತಿನ ಬೇರು ಕೂಡ ಈ ಘಟಿಯಲ್ಲಿಯೇ ಇದೆ. ಕಾರ್ನಾಕಿನ ಪಾತ್ರೆಯಲ್ಲಿ ನೀರಿನ ಮಟ್ಟವನ್ನು ಓದಬೇಕು, ಗಳಿಗೆ ಬಟ್ಟಲಿನಲ್ಲಿ ಮುಳುಗಿದ ಸಲಗಳನ್ನು ಎಣಿಸಬೇಕು. ಒಂದೇ ಅವಧಿಯಲ್ಲಿ ಮರುಕಳಿಸುವ ಘಟನೆಯೊಂದನ್ನು ಹುಡುಕು, ಅದನ್ನು ತಪ್ಪದೆ ಎಣಿಸು ಎಂಬ ಈ ಎರಡು ಕೆಲಸಗಳೇ ಮುಂದೆ ಬಂದ ಎಲ್ಲ ಗಡಿಯಾರಗಳ ಕೆಲಸ.

ಪ್ರಶ್ನೆ: ಹಳೆಯ ಗಡಿಯಾರ ಟಿಕ್ ಟಿಕ್ ಎನ್ನುವುದೇಕೆ? ಚಕ್ರಗಳು ತಿರುಗುವ ಸದ್ದೇ ಅದು?

ಉತ್ತರ: ಅದು ಚಕ್ರಗಳು ನಿಲ್ಲುವ ಸದ್ದು. ಎತ್ತರದಲ್ಲಿ ತೂಗಿದ ಭಾರಕ್ಕೆ ಹಗ್ಗ ಕಟ್ಟಿ ಚಕ್ರಕ್ಕೆ ಸುತ್ತಿದರೆ ಚಕ್ರ ತಿರುಗುತ್ತದೆ ನಿಜ, ಆದರೆ ವೇಗ ಏರುತ್ತಲೇ ಹೋಗಿ ಭಾರ ಕ್ಷಣದಲ್ಲಿ ನೆಲಕ್ಕೆ ಬೀಳುತ್ತದೆ. ಆ ಓಟವನ್ನು ತಡೆದು, ಒಂದೊಂದೇ ಹಲ್ಲನ್ನು ಬಿಟ್ಟುಕೊಡುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಎಂದು ಹೆಸರು. ಗಡಿಯಾರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕಲ್ಪನೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಲೋಲಕದ ಕತೆ ಎಲ್ಲರಿಗೂ ಗೊತ್ತು, ಎಸ್ಕೇಪ್‌ಮೆಂಟಿನ ಹೆಸರನ್ನು ಕೇಳಿದವರು ಮಾತ್ರ ಕಡಿಮೆ.

ಯೂರೋಪಿನಲ್ಲಿ 13ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಥ ಗಡಿಯಾರಗಳು ಕಾಣಿಸಿಕೊಂಡವು. ಇಂಗ್ಲೆಂಡಿನ ಸಾಲ್ಸ್‌ಬರಿ ಕ್ಯಾಥೆಡ್ರಲಿನಲ್ಲಿರುವ, ಸುಮಾರು 1386ರದೆಂದು ಗುರುತಿಸಲಾದ ಗಡಿಯಾರಕ್ಕೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಗಂಟೆ ಬಾರಿಸುವುದೊಂದೇ ಅದರ ಕೆಲಸ. ಈ ಯಂತ್ರಗಳಲ್ಲಿ ಎರಡು ತುದಿಗೂ ತೂಕ ಹೊತ್ತ ಅಡ್ಡಪಟ್ಟಿಯೊಂದು ಅತ್ತಿತ್ತ ಹೊರಳುತ್ತಿತ್ತು. ಅದಕ್ಕೆ ತನ್ನದೇ ಆದ ಸಹಜ ತಾಳ ಇರಲಿಲ್ಲ. ಭಾರ ಎಳೆದಂತೆ, ಎಣ್ಣೆ ಗಟ್ಟಿಯಾದಂತೆ ಅದರ ವೇಗ ಬದಲಾಗುತ್ತಿತ್ತು. ಆದ್ದರಿಂದ ದಿನಕ್ಕೆ ಕಾಲು ಗಂಟೆ ಹೆಚ್ಚುಕಡಿಮೆಯಾಗುವುದು ಸಾಮಾನ್ಯವಾಗಿತ್ತು, ನಿಮಿಷದ ಮುಳ್ಳಿನಿಂದ ಹೆಚ್ಚಿನ ಪ್ರಯೋಜನವೂ ಇರಲಿಲ್ಲ.

ಈ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಉದ್ದ ಲೋಲಕದ, ನಿಂತ ಪೆಟ್ಟಿಗೆಯ ಗಡಿಯಾರವನ್ನು ತೆರೆದು ನೋಡಬೇಕು. ಮೇಲುಗಡೆ ಲಂಗರಿನ ಆಕಾರದ ಉಕ್ಕಿನ ತುಂಡೊಂದು ಹಲ್ಲಿನ ಚಕ್ರವನ್ನು ಎರಡು ಕೈಯಿಂದ ಅಪ್ಪಿಕೊಂಡಂತೆ ಕೂತಿರುತ್ತದೆ. ಲೋಲಕ ಎಡಕ್ಕೆ ವಾಲಿದಾಗ ಒಂದು ಕೈ ಮೇಲೆದ್ದು ಹಲ್ಲೊಂದನ್ನು ಬಿಡುತ್ತದೆ; ಚಕ್ರ ಅರೆ ಹಲ್ಲಿನಷ್ಟು ಜಿಗಿಯುವುದರೊಳಗೆ ಇನ್ನೊಂದು ಕೈ ಕೆಳಗಿಳಿದು ಮತ್ತೊಂದು ಹಲ್ಲನ್ನು ತಡೆಯುತ್ತದೆ. ಆ ತಡೆಯ ಪೆಟ್ಟೇ ಟಿಕ್. ಬಲಕ್ಕೆ ವಾಲಿದಾಗ ಇದೇ ಕೆಲಸ ತಿರುವುಮುರುವಾಗಿ ನಡೆದು ಟಕ್ ಎನ್ನುತ್ತದೆ. ಹಲ್ಲು ಜಾರುವ ಹೊತ್ತಿನಲ್ಲಿ ಲಂಗರಿನ ಓರೆ ಮುಖವನ್ನು ಒಂದಿಷ್ಟು ತಳ್ಳಿ ಹೋಗುವುದರಿಂದ, ಗಾಳಿಯ ತಡೆಗೆ ಸೋಲಬೇಕಾಗಿದ್ದ ಲೋಲಕಕ್ಕೆ ಮತ್ತೆ ಕಸುವು ಸಿಗುತ್ತದೆ. ಎಣಿಸುವುದೂ ಅದೇ, ಉಣಿಸುವುದೂ ಅದೇ. ಚಕ್ರಕ್ಕೆ 30 ಹಲ್ಲುಗಳಿದ್ದು ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೋದರೆ ಚಕ್ರ 60 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ, ಹೀಗಾಗಿ ಸೆಕೆಂಡಿನ ಮುಳ್ಳನ್ನು ಅದೇ ಚಕ್ರದ ಅಚ್ಚಿಗೆ ಕೂರಿಸಿಬಿಡಬಹುದು.

ಪ್ರಶ್ನೆ: ಲೋಲಕದ ತೂಗಾಟದ ಕಾಲ ಬದಲಾಗುವುದಿಲ್ಲ ಎಂದು ಓದಿದ್ದೇವೆ. ಹಾಗಿದ್ದರೆ ನಮ್ಮ ಲೋಲಕದ ಗಡಿಯಾರ ಬೇಸಿಗೆಯಲ್ಲಿ ಹಿಂದೆ ಬೀಳುವುದೇಕೆ?

ಉತ್ತರ: ಶಾಲೆಯಲ್ಲಿ ಓದಿದ್ದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ತೂಗಾಟ ಹಿರಿದಾಗಿರಲಿ ಕಿರಿದಾಗಿರಲಿ ಕಾಲ ಒಂದೇ ಎಂದು ಗೆಲಿಲಿಯೋ ಕಂಡುಕೊಂಡರು. ಕಣ್ಣು ಕಳೆದುಕೊಂಡ ಮೇಲೆ, 1641ರಲ್ಲಿ, ಲೋಲಕದ ಗಡಿಯಾರವೊಂದರ ವಿನ್ಯಾಸವನ್ನು ಮಗ ವಿನ್ಸೆಂಜಿಯೋಗೆ ವಿವರಿಸಿದರು. ಮರುವರ್ಷ ಅವರು ತೀರಿಕೊಂಡರು. ಕೆಲಸ ಮಾಡುವ ಲೋಲಕದ ಗಡಿಯಾರವನ್ನು ರೂಪಿಸಿದವರು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್, 1656ರಲ್ಲಿ. ದಿನಕ್ಕೆ ಕಾಲು ಗಂಟೆಯಷ್ಟಿದ್ದ ತಪ್ಪು ಕಾಲು ನಿಮಿಷದ ಆಸುಪಾಸಿಗೆ ಇಳಿಯಿತು. ಒಂದೇ ತಲೆಮಾರಿನಲ್ಲಿ ಇಷ್ಟು ದೊಡ್ಡ ಸುಧಾರಣೆ ಕಂಡ ಉಪಕರಣಗಳು ವಿರಳ.

ತೂಗಾಟ ಹಿರಿದಾದಷ್ಟೂ ಕಾಲ ತುಸು ಹೆಚ್ಚಾಗುತ್ತದೆ ಎಂಬುದನ್ನೂ ಹೈಗೆನ್ಸರೇ ಗಣಿತದಿಂದ ತೋರಿಸಿಕೊಟ್ಟರು. ನಾನು ಮೇಲೆ ವಿವರಿಸಿದ ಲಂಗರು ಬಂದ ಮೇಲೆ ಕೆಲವೇ ಡಿಗ್ರಿಗಳ ತೂಗಾಟ ಸಾಕಾಯಿತಾದ್ದರಿಂದ ಆ ತೊಡಕು ಬಹುಪಾಲು ಕಳೆಯಿತು.

ಉಳಿದದ್ದು ಲೋಲಕದ ಉದ್ದ. ಸೆಕೆಂಡಿನ ಲೋಲಕದ ಉದ್ದ ಸುಮಾರು 99.4 ಸೆಂಟಿಮೀಟರು. ಅದರಲ್ಲಿ ಒಂದೇ ಒಂದು ಮಿಲಿಮೀಟರು ಹೆಚ್ಚಾದರೆ ಗಡಿಯಾರ ದಿನಕ್ಕೆ ಸುಮಾರು 43 ಸೆಕೆಂಡು ಹಿಂದೆ ಬೀಳುತ್ತದೆ. ಉಕ್ಕಿನ ಕಡ್ಡಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ, ಅಂದರೆ ದಿನಕ್ಕೆ ಸುಮಾರು 5 ಸೆಕೆಂಡಿನ ನಷ್ಟ. ನಿಮ್ಮ ಗಡಿಯಾರ ಕೆಟ್ಟಿಲ್ಲ. ಲೋಲಕದ ಬಿಲ್ಲೆಯ ಕೆಳಗಿರುವ ತಿರುಪನ್ನು ಸ್ವಲ್ಪ ತಿರುಗಿಸಿ ಬಿಲ್ಲೆಯನ್ನು ಮೇಲಕ್ಕೇರಿಸಿದರೆ ಸರಿಹೋಗುತ್ತದೆ. ಲಂಡನ್ನಿನ ಜಾರ್ಜ್ ಗ್ರಹಾಂ 1721ರಲ್ಲಿ ಬಿಲ್ಲೆಯ ಬದಲು ಪಾದರಸದ ಪಾತ್ರೆಯನ್ನು ತೂಗಿಹಾಕಿದರು: ಕಡ್ಡಿ ಕೆಳಕ್ಕೆ ಹಿಗ್ಗಿದಾಗ ಪಾದರಸ ಮೇಲಕ್ಕೆ ಉಬ್ಬಿ ಲೆಕ್ಕ ಸರಿದೂಗುತ್ತದೆ. ಕೆಲವು ವರ್ಷಗಳ ನಂತರ ಜಾನ್ ಹ್ಯಾರಿಸನ್ ಹಿತ್ತಾಳೆ ಮತ್ತು ಉಕ್ಕಿನ ಸರಳುಗಳನ್ನು ಜೋಡಿಸಿ ಅದೇ ಫಲವನ್ನು ಪಡೆದರು.

ಗಡಿಯಾರ ಹಿಂದೆ ಬಿದ್ದದ್ದೇ ದೊಡ್ಡ ಸುದ್ದಿಯಾದ ಪ್ರಸಂಗವೂ ಇದೆ. 1672ರಲ್ಲಿ ಫ್ರಾನ್ಸಿನ ಜ್ಯಾನ್ ರಿಶೇ ಖಗೋಳ ವೀಕ್ಷಣೆಗೆಂದು ದಕ್ಷಿಣ ಅಮೆರಿಕದ ಕಾಯೆನ್ನಿಗೆ ಹೋದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕ ಅಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ನಿಧಾನವಾಯಿತು. ಹೊತ್ತು ಸರಿಹೊಂದಲು ಲೋಲಕವನ್ನು ಸುಮಾರು 3 ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. ಶಾಖವೊಂದರಿಂದಲೇ ಅಷ್ಟು ಹಿಗ್ಗುವುದು ಸಾಧ್ಯವಿರಲಿಲ್ಲ. ಭೂಮಧ್ಯರೇಖೆಯ ಹತ್ತಿರ ಗುರುತ್ವ ಕಡಿಮೆ, ಅದಕ್ಕೆ ಭೂಮಿಯ ಭ್ರಮಣವೂ ನಡುವಿನಲ್ಲಿ ಉಬ್ಬಿದ ಅದರ ಆಕಾರವೂ ಕಾರಣ ಎಂದು ನ್ಯೂಟನ್ 1687ರಲ್ಲಿ ವಿವರಿಸಿದಾಗ ರಿಶೇ ಅವರ ಈ ಅಳತೆಯೇ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಯಿತು.

ಪ್ರಶ್ನೆ: ಮುಳ್ಳುಗಳು ಎಡದಿಂದ ಬಲಕ್ಕೇ ಸುತ್ತುವುದೇಕೆ?

ಉತ್ತರ: ಭೂಮಿಯ ಉತ್ತರಾರ್ಧದಲ್ಲಿ ನೆಲದ ಮೇಲಿನ ನೆರಳು ಗಡಿಯಾರದ ನೆರಳು ಆ ದಿಕ್ಕಿನಲ್ಲೇ ಸರಿಯುತ್ತದೆ. ಯಂತ್ರದ ಗಡಿಯಾರ ಬೆಳೆದದ್ದು ಅಲ್ಲಿಯೇ ಆದ್ದರಿಂದ ಮುಳ್ಳು ಆ ರೂಢಿಯನ್ನೇ ಹಿಡಿಯಿತು. ದಕ್ಷಿಣಾರ್ಧದಲ್ಲಿ ನೆರಳು ಸುತ್ತುವುದು ಇದಕ್ಕೆ ವಿರುದ್ಧವಾಗಿ.

ಪ್ರಶ್ನೆ: ಹಡಗಿನವರಿಗೆ ದಿಕ್ಸೂಚಿ ಇರುವಾಗ ಗಡಿಯಾರವೇಕೆ ಬೇಕಾಗಿತ್ತು?

ಉತ್ತರ: ದಿಕ್ಸೂಚಿ ಹೇಳುವುದು ದಿಕ್ಕನ್ನು, ತಾವು ಎಲ್ಲಿದ್ದೇವೆ ಎಂಬುದನ್ನಲ್ಲ. ಸೂರ್ಯನ ಅಥವಾ ಧ್ರುವನಕ್ಷತ್ರದ ಎತ್ತರದಿಂದ ಅಕ್ಷಾಂಶ ತಿಳಿಯುತ್ತದೆ, ರೇಖಾಂಶ ಮಾತ್ರ ಹಾಗೆ ಸಿಗುವುದಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಹಡಗಿನಲ್ಲಿ ನಡುಹಗಲಾದಾಗ ಹೊರಟ ಬಂದರಿನಲ್ಲಿ ಎಷ್ಟು ಹೊತ್ತಾಗಿದೆ ಎಂದು ಗೊತ್ತಿದ್ದರೆ ಎರಡರ ಅಂತರವೇ ರೇಖಾಂಶದ ಅಂತರವಾಗುತ್ತದೆ. ನಾಲ್ಕು ನಿಮಿಷ ತಪ್ಪಿದರೆ ಒಂದು ಡಿಗ್ರಿ, ಭೂಮಧ್ಯರೇಖೆಯಲ್ಲಿ ಸುಮಾರು 111 ಕಿಲೋಮೀಟರು. 1707ರಲ್ಲಿ ಬ್ರಿಟನ್ನಿನ ನೌಕಾಪಡೆಯ ನಾಲ್ಕು ಹಡಗುಗಳು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಅಲ್ಲಿನ ಸಂಸತ್ತು, ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳುವ ವಿಧಾನಕ್ಕೆ 20,000 ಪೌಂಡು ಬಹುಮಾನ ಸಾರಿತು.

ಓಲಾಡುವ ಹಡಗಿನಲ್ಲಿ ಲೋಲಕ ನಡೆಯುವುದಿಲ್ಲ. ಬಡಗಿಯ ಕೆಲಸ ಕಲಿತಿದ್ದ ಹ್ಯಾರಿಸನ್ 1735ರಲ್ಲಿ ಮುಗಿಸಿದ ಮೊದಲ ಕಡಲ ಗಡಿಯಾರ 30 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ಅದೇ ದಾರಿಯಲ್ಲಿ ಇನ್ನೆರಡು ದೊಡ್ಡ ಯಂತ್ರಗಳಿಗೆ ಹಲವು ವರ್ಷಗಳನ್ನು ಸವೆಸಿ, ಕೊನೆಗೆ ಆ ದಾರಿಯನ್ನೇ ಬಿಟ್ಟು, 1759ರಲ್ಲಿ 13 ಸೆಂಟಿಮೀಟರು ಅಗಲದ, ದೊಡ್ಡ ಜೇಬುಗಡಿಯಾರದಂಥದನ್ನು ಮಾಡಿದರು. ಕಾಲು ಶತಮಾನದ ದುಡಿಮೆಯನ್ನು ಬದಿಗಿಟ್ಟು ಹೊಸದಾಗಿ ಯೋಚಿಸಿದ ಆ ಧೈರ್ಯವನ್ನು ನಾನು ಅವರ ಕೈಚಳಕಕ್ಕಿಂತ ಹೆಚ್ಚೆಂದು ತಿಳಿಯುತ್ತೇನೆ. 1761ರ ನವೆಂಬರಿನಲ್ಲಿ ಅವರ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದರು. ಗೊತ್ತಿದ್ದ ದೈನಂದಿನ ವ್ಯತ್ಯಾಸವನ್ನು ಕಳೆದು ನೋಡಿದಾಗ 81 ದಿನಗಳಲ್ಲಿ ಅದು ಹಿಂದೆ ಬಿದ್ದದ್ದು ಸುಮಾರು 5 ಸೆಕೆಂಡು ಮಾತ್ರ. ಆದರೂ ಬಹುಮಾನದ ಮಂಡಳಿ ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತ ಹೋಯಿತು, ಹ್ಯಾರಿಸನ್ ಅವರ ಕೊನೆಯ ದೊಡ್ಡ ಮೊತ್ತ ಸಂಸತ್ತಿನ ಮೂಲಕ ಕೈಸೇರಿದ್ದು 1773ರಲ್ಲಿ, ಅವರಿಗೆ 80 ವರ್ಷವಾದಾಗ. ಅವರಿಗೆ ಆದದ್ದು ಅನ್ಯಾಯವೆಂದೇ ನಾನು ನಂಬಿದ್ದೇನೆ.

ಪ್ರಶ್ನೆ: ಗಂಟೆಗೆ 60 ನಿಮಿಷವೇ ಏಕೆ, 100 ಏಕಲ್ಲ?

ಉತ್ತರ: ಬ್ಯಾಬಿಲೋನಿಯದ ಖಗೋಳ ಗಣಿತ 60ರ ಮೇಲೆ ನಿಂತಿತ್ತು. ಆ ಸಂಖ್ಯೆಯನ್ನು 2, 3, 4, 5, 6, 10, 12ರಿಂದ ಶೇಷವಿಲ್ಲದೆ ಭಾಗಿಸಬಹುದು. ಕ್ರಾಂತಿಯ ಕಾಲದ ಫ್ರಾನ್ಸ್ 1793ರಲ್ಲಿ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ ಎಂಬ ಪದ್ಧತಿಯನ್ನು ಕಾನೂನಾಗಿ ತಂದಿತು. 1795ರಲ್ಲಿ ಅದನ್ನು ಕೈಬಿಟ್ಟಿತು.

ಪ್ರಶ್ನೆ: ದಿನ ಎಂಬುದೇ ಭೂಮಿಯ ಒಂದು ಸುತ್ತು. ಹೀಗಿರುವಾಗ ಮನುಷ್ಯ ಮಾಡಿದ ಗಡಿಯಾರ ಭೂಮಿಗಿಂತ ಸರಿಯಾಗಿರುವುದು ಹೇಗೆ ಸಾಧ್ಯ?

ಉತ್ತರ: ಭೂಮಿಯೂ ಒಂದು ಗಡಿಯಾರ, ಅದರ ತಾಳ ಸಮವಾಗಿದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ವೇಗವಾಗಿಯೂ ಸ್ಥಿರವಾಗಿಯೂ ಮರುಕಳಿಸುವ ಇನ್ನೊಂದು ಬೇಕಾಗಿತ್ತು. ಅದು ಸಿಕ್ಕಿದ್ದು ಕ್ವಾರ್ಟ್ಜ್ ಎಂಬ ಸ್ಫಟಿಕದಲ್ಲಿ. ಒತ್ತಿದರೆ ವಿದ್ಯುತ್ತು ಹುಟ್ಟಿಸುವ, ವಿದ್ಯುತ್ತು ಕೊಟ್ಟರೆ ನಡುಗುವ ಗುಣ ಇದಕ್ಕಿದೆ. 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅಣ್ಣ ಜಾಕ್ ಕ್ಯೂರಿ ಇಂಥ ಗುಣವನ್ನು ಹರಳುಗಳಲ್ಲಿ ಗುರುತಿಸಿದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರೆನ್ ಮ್ಯಾರಿಸನ್ 1927ರಲ್ಲಿ ಇದರಿಂದ ಗಡಿಯಾರ ಮಾಡಿದರು. ಇಂದಿನ ಸಾಮಾನ್ಯ ಕೈಗಡಿಯಾರದೊಳಗಿನ ಕವಲೊಡೆದ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ 1 ಉಳಿಯುತ್ತದೆ, ಹಲ್ಲಿನ ಚಕ್ರ ಮಾಡುತ್ತಿದ್ದ ಎಣಿಕೆಯನ್ನು ವಿದ್ಯುನ್ಮಂಡಲ ಹೀಗೆ ಮಾಡುತ್ತದೆ.

ಕ್ವಾರ್ಟ್ಜ್ ಗಡಿಯಾರಗಳ ಜೊತೆ ಹೋಲಿಸಿದಾಗ, 1930ರ ದಶಕದಲ್ಲಿ, ಭೂಮಿಯ ಭ್ರಮಣ ಋತುವಿನಿಂದ ಋತುವಿಗೆ ಸ್ವಲ್ಪ ಏರಿಳಿಯುತ್ತದೆ ಎಂಬುದು ಕಂಡುಬಂತು. ಬಹುಕಾಲದ ಲೆಕ್ಕದಲ್ಲಿ ಚಂದ್ರನಿಂದಾಗುವ ಉಬ್ಬರವಿಳಿತಗಳು ಭೂಮಿಯನ್ನು ನಿಧಾನಗೊಳಿಸುತ್ತಿವೆ. ಶತಮಾನಕ್ಕೆ ದಿನದ ಉದ್ದ ಸುಮಾರು 2 ಮಿಲಿಸೆಕೆಂಡಿನಷ್ಟು ಬೆಳೆಯುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ 1955ರಲ್ಲಿ ಸೀಸಿಯಂ ಪರಮಾಣುವಿನ ಗಡಿಯಾರವನ್ನು ನಡೆಸಿದ ಮೇಲೆ ಭೂಮಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಲು ಕಾರಣ ಉಳಿಯಲಿಲ್ಲ. 1967ರಿಂದ ಸೆಕೆಂಡು ಎಂದರೆ ಸೀಸಿಯಂ-133 ಪರಮಾಣುವಿನ ನಿರ್ದಿಷ್ಟ ವಿಕಿರಣದ 9,192,631,770 ಆವರ್ತಗಳ ಅವಧಿ. ಬಟ್ಟಲು ಮುಳುಗಿದ್ದನ್ನು ಎಣಿಸಿದ ಹಾಗೆಯೇ ಇದೂ ಎಣಿಕೆ, ಎಣಿಸುವ ವಸ್ತು ಮಾತ್ರ ಬೇರೆ.

ಹೀಗೆ ಬೇರ್ಪಟ್ಟ ಎರಡು ಗಡಿಯಾರಗಳನ್ನು ಜೊತೆಯಾಗಿಡಲು 1972ರಿಂದ ಅಗತ್ಯ ಬಿದ್ದಾಗ ಜಗತ್ತಿನ ಅಧಿಕೃತ ಸಮಯಕ್ಕೆ ಒಂದು ಸೆಕೆಂಡು ಸೇರಿಸುವ ಪದ್ಧತಿ ಬಂತು. 2016ರ ಡಿಸೆಂಬರ್ 31ರವರೆಗೆ ಹೀಗೆ 27 ಸೆಕೆಂಡುಗಳು ಸೇರಿದವು. ಇದ್ದಕ್ಕಿದ್ದಂತೆ ನುಸುಳುವ ಆ ಹೆಚ್ಚಿನ ಸೆಕೆಂಡು ಗಣಕಯಂತ್ರಗಳ ಜಾಲಕ್ಕೆ ತೊಡಕಾಗುತ್ತಿದ್ದುದರಿಂದ, ಎರಡರ ನಡುವೆ ಈಗಿರುವುದಕ್ಕಿಂತ ಹೆಚ್ಚಿನ ಅಂತರ ಬೆಳೆಯಲು 2035ರ ಹೊತ್ತಿಗೆ ಅವಕಾಶ ಕೊಡಬೇಕೆಂದು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 2022ರಲ್ಲಿ ನಿರ್ಧರಿಸಿದೆ.