ಪ್ರಶ್ನೋತ್ತರ: ಸಬ್‌ವೂಫರ್ ಗುಂಯ್ ಅಂದರೆ ಅರ್ತ್ ಪಿನ್ ಕೀಳಬೇಡಿ

ಪ್ರಶ್ನೆ: ಮನೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಒಂದು ಪವರ್ಡ್ ಸಬ್‌ವೂಫರ್ (ತನ್ನೊಳಗೇ ಆಂಪ್ಲಿಫೈಯರ್ ಇರುವ, ಬೇಸ್ ನುಡಿಸುವ ಸ್ಪೀಕರ್) ಸೇರಿಸಿದ್ದೇನೆ. ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಇಳಿಸಿದರೂ ಸಬ್‌ವೂಫರ್ ಗುಂಯ್ ಅನ್ನುತ್ತಲೇ ಇರುತ್ತದೆ. ಕೇಬಲ್ ಟಿವಿಯ ಸೆಟ್‌ಟಾಪ್ ಬಾಕ್ಸ್ ಕೂಡ ಇದೇ ಆಂಪ್ಲಿಫೈಯರ್‌ಗೆ ಸೇರಿದೆ. ಸಬ್‌ವೂಫರ್ ಪ್ಲಗ್ಗಿನ ಅರ್ತ್ ಪಿನ್ ತೆಗೆದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ತೆಗೆಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ತೆಗೆಯಬೇಡಿ. ಅರ್ತ್ ತೆಗೆದರೆ ಎಷ್ಟೋ ಸಲ ಸದ್ದು ನಿಲ್ಲುತ್ತದೆ, ಅದಕ್ಕೇ ಈ ಸಲಹೆ ಇಷ್ಟು ಹರಡಿರುವುದು. ಆದರೆ ಮುಂದೆ ಯಾವತ್ತೋ ಒಳಗಿನ ಇನ್ಸುಲೇಷನ್ ಕೆಟ್ಟು 230 ವೋಲ್ಟ್ ಸಬ್‌ವೂಫರಿನ ಹಿಂಬದಿಯ ಲೋಹದ ತಟ್ಟೆಗೆ ಬಂತು ಅಂದುಕೊಳ್ಳಿ, ಆಗ ಅದು ಆರ್‌ಸಿಎ ವೈರಿನ (ಆಂಪ್ಲಿಫೈಯರಿನಿಂದ ಸಬ್‌ವೂಫರಿಗೆ ಹಾಡಿನ ಸಿಗ್ನಲ್ ಒಯ್ಯುವ ವೈರ್) ಶೀಲ್ಡ್, ಅಂದರೆ ಸುತ್ತಲಿನ ಲೋಹದ ಹೊದಿಕೆ, ಹಿಡಿದು ಆಂಪ್ಲಿಫೈಯರ್ ತನಕ ಹೋಗುತ್ತದೆ, ವಾಲ್ಯೂಮ್ ತಿರುಗಿಸಲು ಬಂದ ಮಕ್ಕಳ ಕೈಗೂ ಸಿಗುತ್ತದೆ. ಪ್ಲಗ್ಗಿಗೆ ಮೂರು ಪಿನ್ ಕೊಟ್ಟಿದ್ದರೆ ಮೂರೂ ಬೇಕು. ಇದರಲ್ಲಿ ರಾಜಿ ಇಲ್ಲ.

ವಾಲ್ಯೂಮ್ ಇಳಿಸಿದರೂ ಸದ್ದು ಇದೆ ಅಂದರೆ ಅದು ವಾಲ್ಯೂಮ್ ದಾಟಿದ ಮೇಲೆ, ಹೆಚ್ಚಾಗಿ ಸಬ್‌ವೂಫರಿಗೆ ಹೋಗುವ ವೈರಿನಲ್ಲೇ ಸೇರಿಕೊಳ್ಳುತ್ತಿದೆ. ಸಬ್‌ವೂಫರ್ ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ಆಗಿದೆ. ಟಿವಿ ಕೇಬಲ್ಲಿನ ಶೀಲ್ಡ್ ಹೊರಗೆ ಇನ್ನೆಲ್ಲೋ ಅರ್ತ್ ಆಗಿರುತ್ತದೆ. ಈ ಎರಡು ಅರ್ತ್‌ಗಳ ನಡುವೆ ಸ್ವಲ್ಪ ವೋಲ್ಟೇಜ್ ಇದ್ದರೂ ಸಾಕು, ಆರ್‌ಸಿಎ ಶೀಲ್ಡಿನಲ್ಲಿ ಕರೆಂಟ್ ಹರಿದು ಹಾಡಿನ ಜೊತೆ ಸೇರಿಬಿಡುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ನಮ್ಮ ಮನೆಯ ಕರೆಂಟ್ 50 ಹರ್ಟ್ಜ್, ಸಬ್‌ವೂಫರ್ ಜೋರಾಗಿ ನುಡಿಸುವುದೂ ಅದೇ ಭಾಗವನ್ನೇ ಅಲ್ವಾ? ಸಣ್ಣ ಸ್ಪೀಕರಿನಲ್ಲಿ ಕೇಳಿಸದ ಸದ್ದು ಇದರಲ್ಲಿ ಎದ್ದು ಕೇಳುವುದು ಅದಕ್ಕೇ.

ಸುಮ್ನೆ ದುಬಾರಿ ವೈರ್ ಕೊಳ್ಳುವ ಮೊದಲು ಹುಡುಕಿ. ವೈರ್ ಕೀಳುವಾಗ, ಹಾಕುವಾಗ ಎಲ್ಲವನ್ನೂ ಸ್ವಿಚ್ ಆಫ್ ಮಾಡಿ. ಮೊದಲು ಸಬ್‌ವೂಫರಿನಿಂದ ಆರ್‌ಸಿಎ ಕಿತ್ತು ಸಬ್‌ವೂಫರ್ ಮಾತ್ರ ಆನ್ ಮಾಡಿ. ಆಗಲೂ ಗುಂಯ್ ಅಂದರೆ ತೊಂದರೆ ಅದರೊಳಗೇ ಇದೆ, ಒಳಗೆ ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಹಳೆಯದಾಗಿರಬಹುದು, ರಿಪೇರಿಗೆ ಕೊಡಿ. ನಿಂತರೆ ವೈರನ್ನು ಮತ್ತೆ ಹಾಕಿ, ಈ ಸಲ ಸೆಟ್‌ಟಾಪ್ ಬಾಕ್ಸಿಗೆ ಬರುವ ಟಿವಿ ಕೇಬಲ್ ಬಿಚ್ಚಿ ನೋಡಿ. ನಿಮ್ಮ ವಿವರ ನೋಡಿದರೆ ಸದ್ದು ನಿಲ್ಲುವುದು ಇಲ್ಲೇ ಅಂತ ನನ್ನ ಅಂದಾಜು. ನಿಂತರೆ ಆ ಕೇಬಲ್ಲಿಗೆ ಒಂದು ಕೋಆಕ್ಸ್ ಐಸೊಲೇಟರ್ (ಟಿವಿ ಸಿಗ್ನಲ್ ಬಿಟ್ಟು, ಶೀಲ್ಡಿನ ಅರ್ತ್ ಸಂಪರ್ಕ ತಡೆಯುವ ಚಿಕ್ಕ ಸಾಧನ) ಹಾಕಿಸಿ (ಡಿಶ್ ಇರುವವರಿಗೆ ಇದು ಆಗದು, ಚಾವಣಿಯ ಡಿಶ್‌ನಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಅದೇ ವೈರಿನಲ್ಲಿ). ಇಲ್ಲವೇ ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರ್‌ಗೆ ಹೋಗುವ ವೈರ್ ತೆಗೆದು, ಟಿವಿಯಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಎಳೆಯಿರಿ. ಅದರಲ್ಲಿ ಹೋಗುವುದು ಬರೀ ಬೆಳಕು, ಲೂಪ್ ಆಗುವ ಮಾತೇ ಇಲ್ಲ. ಆಂಪ್ಲಿಫೈಯರಿನಲ್ಲಿ ಆ ಕಿಂಡಿ ಇಲ್ಲದಿದ್ದರೆ ನಡುವೆ ಒಂದು ಚಿಕ್ಕ ಡಿಎಸಿ (ಡಿಜಿಟಲ್ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್‌ಗೆ ಬದಲಿಸುವ ಸಾಧನ) ಬೇಕು.

ಟಿವಿ ಕೇಬಲ್ ಬಿಚ್ಚಿದರೂ ಸದ್ದು ಉಳಿದರೆ ಆಂಪ್ಲಿಫೈಯರ್, ಸಬ್‌ವೂಫರ್, ಟಿವಿ ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆರ್‌ಸಿಎ ವೈರನ್ನು ಪವರ್ ವೈರಿನ ಪಕ್ಕದಲ್ಲೇ ಓಡಿಸಬೇಡಿ. ಹಳೆಯ ಮನೆಯಾದರೆ ಇನ್ನೊಂದು ಮಾತು. ಕೆಲವೊಮ್ಮೆ ಸಾಕೆಟ್ಟಿನಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂಬದಿಗೆ ಅರ್ತ್ ವೈರೇ ಇರುವುದಿಲ್ಲ. ಆಂಪ್ಲಿಫೈಯರ್ ಲೋಹ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಬಳಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಆರ್‌ಸಿಎಗೆ ಹಾಕುವ ಆಡಿಯೊ ಐಸೊಲೇಟರ್ ಕೊನೆಯ ದಾರಿ. ಅಗ್ಗದವು ಸದ್ದಿನ ಜೊತೆ ಅತಿ ತಗ್ಗಿನ ಬೇಸನ್ನೂ ತಿಂದುಹಾಕುತ್ತವೆ, ಸಬ್‌ವೂಫರ್ ಕೊಂಡದ್ದೇ ಆ ಬೇಸ್‌ಗಾಗಿ.

ಪ್ರಶ್ನೆ: ನನ್ನ ಆಂಪ್ಲಿಫೈಯರಿನಲ್ಲಿ ಸಬ್ ಔಟ್ (ಸಬ್‌ವೂಫರಿಗೆಂದೇ ಇರುವ ಕಿಂಡಿ) ಇಲ್ಲ. ಸ್ಪೀಕರ್ ವೈರಿಗೇ ಆರ್‌ಸಿಎ ಪಿನ್ ಬೆಸೆಯಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ, ಸಬ್‌ವೂಫರಿನ ಆರ್‌ಸಿಎ ಕಿಂಡಿಗೆ ಸ್ಪೀಕರ್ ವೈರಿನ ವೋಲ್ಟೇಜ್ ಜಾಸ್ತಿಯಾಗುತ್ತದೆ. ಆಂಪ್ಲಿಫೈಯರಿನಲ್ಲಿ ಪ್ರೀ ಔಟ್ (ವಾಲ್ಯೂಮ್ ದಾಟಿದ ಸಣ್ಣ ಸಿಗ್ನಲ್ ಕೊಡುವ ಕಿಂಡಿ) ಇದ್ದರೆ ಅದನ್ನೇ ಬಳಸಿ. ರೆಕ್ ಔಟ್ (ರೆಕಾರ್ಡಿಂಗ್‌ಗೆ ಇರುವ ಕಿಂಡಿ) ಬಳಸಿದರೆ ಸಾಮಾನ್ಯವಾಗಿ ವಾಲ್ಯೂಮ್ ತಿರುಗಿಸಿದರೂ ಸಬ್‌ವೂಫರ್ ಸದ್ದು ಬದಲಾಗುವುದಿಲ್ಲ. ಎರಡೂ ಆಗದಿದ್ದರೆ ಸಬ್‌ವೂಫರಿನ ಹಿಂದೆ ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರಿನ ವೋಲ್ಟೇಜನ್ನೇ ತಗೊಳ್ಳುವ ಕಿಂಡಿ) ಇದೆಯೇ ನೋಡಿ, ಸ್ಪೀಕರ್ ಹಾಕಿರುವ ಟರ್ಮಿನಲ್‌ಗಳಿಂದಲೇ ಅದಕ್ಕೆ ಇನ್ನೊಂದು ಜೊತೆ ವೈರ್ ಎಳೆಯಬಹುದು. ಆದರೆ ಈಗಿನ ಎಷ್ಟೋ ಚಿಕ್ಕ ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ ಸ್ವಿಚಿಂಗ್ ಮಾದರಿಯ) ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಅದು ಸಬ್‌ವೂಫರಿನ ಗ್ರೌಂಡಿಗೆ ತಗುಲಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಎರಡರ ಮ್ಯಾನ್ಯುಯಲ್ಲನ್ನೂ ಓದಿಯೇ ಜೋಡಿಸಿ. ಜೋಡಿಸಿದ ಮೇಲೆ ಸಬ್‌ವೂಫರಿನ ಕ್ರಾಸ್‌ಓವರ್ ಅನ್ನು (ಎಷ್ಟು ಹರ್ಟ್ಜ್ ತನಕ ಅದು ನುಡಿಸಬೇಕು ಅನ್ನುವ ಗುಂಡಿ) 80 ಹರ್ಟ್ಜ್‌ನಿಂದ ಶುರುಮಾಡಿ.