ಬೇವಿನ ರಸ ಕುಡಿದ ಮೇಲೆ ತಲೆ ಸುತ್ತು, ಬೆವರು
ಶುಗರ್ ಜಾಸ್ತಿ ಇಳಿದಿರಬಹುದು. ನಿಮ್ಮ ಅಪ್ಪಾಜಿ ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಮಾತ್ರೆ ತಗೊಳ್ಳುತ್ತಾರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬೇವಿನ ಎಲೆ ರಸ, ಆಮೇಲೆ ಕುಂದವಾಡ ಕೆರೆ ಕಡೆ ವಾಕಿಂಗ್ ಅಂದಿದ್ದೀರಿ. ಮೂರೂ ಶುಗರ್ ಇಳಿಸುವಂಥವೇ. ಅವರಿಗೆ ಬಂದ ಬೆವರು, ಕೈ ನಡುಕ ಶುಗರ್ ಇಳಿದಿದ್ದಕ್ಕೇ ಹೊಂದುತ್ತವೆ. ಬಿಪಿ ಇಳಿದರೂ ತಲೆ ಸುತ್ತುತ್ತದೆ, ಹಾಗಾಗಿ ಅಳೆದು ನೋಡದೆ ಖಚಿತವಾಗಿ ಹೇಳಲು ಆಗದು.

ರಸ ಇವತ್ತೇ ನಿಲ್ಲಿಸಿ. ಆದರೆ ಮಾತ್ರೆಯನ್ನು ನೀವಾಗಿಯೇ ಬಿಡಿಸಬೇಡಿ. ಮತ್ತೆ ನಡುಕ ಬಂದರೆ ಗ್ಲುಕೋಮೀಟರಿನಲ್ಲಿ (ಮನೆಯಲ್ಲೇ ಶುಗರ್ ಅಳೆಯುವ ಮೀಟರ್) ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಇಡ್ಲಿಯೋ ರೊಟ್ಟಿಯೋ ತಿನ್ನಿಸಿ. ಮೀಟರ್ ಇಲ್ವಾ? ಹುಡುಕುತ್ತಾ ಕೂರಬೇಡಿ, ಸಕ್ಕರೆ ಕೊಡಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಈ ಮಾತ್ರೆಯಿಂದ ಇಳಿದ ಶುಗರ್ ಸುಧಾರಿಸಿದ ಮೇಲೂ ಮತ್ತೆ ಇಳಿಯಬಹುದು, ಅವತ್ತು ಒಬ್ಬರನ್ನೇ ಬಿಡಬೇಡಿ.

ನಾಳೆಯೇ ಡಾಕ್ಟರಿಗೆ ತೋರಿಸಿ, ಬೇವಿನ ವಿಷಯವನ್ನೂ ಹೇಳಿ. ನಮ್ಮವರು ‘ಎಲೆ ತಾನೇ’ ಅಂತ ಸುಮ್ನೆ ಇದ್ದುಬಿಡುತ್ತಾರೆ. ಯುಗಾದಿಯ ಚಿಟಿಕೆ ಬೇವು-ಬೆಲ್ಲಕ್ಕೂ ದಿನಾ ಒಂದು ಲೋಟ ರಸಕ್ಕೂ ಅಜಗಜಾಂತರ ಅಲ್ವಾ?

ಗರ್ಭಿಣಿ ಅಕ್ಕನೂ ಕುಡಿಯಬಹುದಾ ಎಂದು ಕೇಳಿದ್ದೀರಿ. ಬೇಡವೇ ಬೇಡ. ಮೈ ತುರಿಕೆಗೆ ಎಲೆ ಕುದಿಸಿದ ನೀರಿನ ಸ್ನಾನ ಸಾಮಾನ್ಯವಾಗಿ ತೊಂದರೆ ಕೊಡದು. ಉರಿ ಬಂದರೆ ಬಿಡಿ. ಪುಟ್ಟ ಮಕ್ಕಳ ಬಾಯಿಗೆ ಬೇವಿನ ಎಣ್ಣೆ ಒಂದು ಹನಿಯೂ ಬೇಡ.